ಟ್ರ್ಯಾಕ್‌ಪ್ಯಾಡ್ ಬದಲಿಸದೆ ಕ್ಲಿಕ್ ಸರಿಮಾಡಿದ್ದು: ನನ್ನ ಅನುಭವ

ಕೊನೆಗೂ ಆಯಿತು. ಲ್ಯಾಪ್‌ಟಾಪಿನ ಟ್ರ್ಯಾಕ್‌ಪ್ಯಾಡ್ ಸರಿಮಾಡಿ ಏಳು ತಿಂಗಳ ಮೇಲಾಯಿತು, ಇವತ್ತಿನವರೆಗೆ ಒಂದು ಕ್ಲಿಕ್ ಎರಡಾಗಿಲ್ಲ. "ಅದೆಲ್ಲ ಆಗೋ ಮಾತಲ್ಲ, ಒಂದು ಮೌಸ್ ತಗೊಂಡು ಸುಮ್ನಿರೋ" ಅಂದವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಬಿಚ್ಚಿ ಅಭ್ಯಾಸ ಇರುವವರಿಗೆ ಮಾತ್ರ ಇದು. ಬ್ಯಾಟರಿ ಕನೆಕ್ಟರ್ ಮೊದಲು ಕೀಳಿ, ರಿಬ್ಬನ್ ಕೇಬಲ್ಲಿನ ಲಾಕ್ ಮೆಲ್ಲಗೆ ಎತ್ತಿ ಅಂತೆಲ್ಲ ಪಾಠ ಮಾಡುವುದಿಲ್ಲ.

ನನ್ನದು ಬಟನ್ ಬೇರೆ ಇಲ್ಲದ, ಇಡೀ ಪ್ಯಾಡೇ ಕೆಳಗೆ ಒತ್ತುವ ಜಾತಿಯದು. ಮೇಲಿನ ಅಂಚಿಗೆ ಹಿಂಜ್, ಕೆಳಗಿನ ಅಂಚಿನ ನಡುಮಧ್ಯೆ ಒಂದೇ ಒಂದು ಪುಟ್ಟ ಸ್ವಿಚ್. ರೋಗ ಶುರುವಾಗಿದ್ದು ಹೀಗೆ: ಒಂದು ಸಲ ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತಿತ್ತು. ರೈಟ್ ಕ್ಲಿಕ್ ಮಾಡಿದರೆ ಮೆನು ಮಿಂಚಿ ಮಾಯ. ಇವೆರಡೂ ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೆ ನಾನು. ಮೆನುವಿನ ತಪ್ಪನ್ನು ಅಪ್‌ಡೇಟ್ ತಲೆಗೆ ಕಟ್ಟಿ ಎರಡು ವಾರ ಕಳೆದೆ.

ಆಮೇಲೆ ಒಂದು ದಿನ ಎವ್‌ಟೆಸ್ಟ್ ಹಾಕಿ ನೋಡಿದೆ, ಒತ್ತಿದ್ದು ಬಿಟ್ಟಿದ್ದು ಎಲ್ಲ ಸಾಲು ಸಾಲಾಗಿ ತೋರಿಸುವ ಲಿನಕ್ಸಿನ ಪುಟ್ಟ ಪ್ರೋಗ್ರಾಂ ಅದು. ಇಂಥ ಪ್ಯಾಡಿನಲ್ಲಿ ಎಡಕ್ಕೆ ಒತ್ತಿದರೂ ಬಲಕ್ಕೆ ಒತ್ತಿದರೂ ಕರ್ನಲ್ (ಲಿನಕ್ಸಿನ ಒಳತಿರುಳು) ಕಳಿಸುವುದು ಒಂದೇ ಬಟನ್, ಎಡದ್ದು. ಬೆರಳು ಎಲ್ಲಿತ್ತು ಅಂತ ನೋಡಿ ಎಡ ಬಲ ತೀರ್ಮಾನ ಮಾಡುವುದು ಅದರ ಮೇಲಿನ ಸಾಫ್ಟ್‌ವೇರ್. ಅಂದರೆ ಎರಡು ರೋಗ ಅಲ್ಲ, ಒಂದೇ. ಒಂದು ಸಲ ಒತ್ತಿ ಬಿಟ್ಟರೆ 1, 0 ಅಂತ ಎರಡು ಸಾಲು ಬರಬೇಕು. ನನಗೆ 1, 0, 1, 0 ಬರುತ್ತಿತ್ತು, ನಡುವೆ ಸುಮಾರು 20-30 ಮಿಲಿಸೆಕೆಂಡ್ ಅಂತರ. ಸ್ವಿಚ್ ಒಳಗೇ ಕಚ್ಚಿ ಬಿಡುತ್ತಿದೆ ಅಂತ ಅಲ್ಲಿಗೆ ಗೊತ್ತಾಯಿತು.

ಗೊತ್ತಾದ ಮೇಲೂ ಮಾಡಿದ್ದು ಮಾತ್ರ ದಡ್ಡ ಕೆಲಸ. ಬ್ಯಾಟರಿ ಊದಿಕೊಂಡರೆ ಪ್ಯಾಡನ್ನು ಕೆಳಗಿಂದ ತಳ್ಳಿ ಕ್ಲಿಕ್ ಕೆಡಿಸುತ್ತದೆ, ಇದು ನಿಮಗೆಲ್ಲ ಗೊತ್ತಿರುವುದೇ. ನನ್ನ ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ಬಿಚ್ಚಿ ನೋಡದೆಯೇ ಹೊಸದು ತರಿಸಿಬಿಟ್ಟೆ. ಹಳೆಯದರ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಹಲಗೆಯ ಹಾಗೆ ಚಪ್ಪಟೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಲ್ಯಾಪ್‌ಟಾಪಿನ ಆಗಿನ ಬೆಲೆಯಲ್ಲಿ ಎಂಟನೇ ಒಂದು ಭಾಗ ಹಾಗೇ ಹೋಯಿತು. ಈಗ ಚಾರ್ಜ್ ಜಾಸ್ತಿ ಹೊತ್ತು ಬರುತ್ತದೆ, ಲಾಭ ಅಂದರೆ ಅದಷ್ಟೇ. ಸ್ಕೇಲ್ ಇಟ್ಟು ನೋಡುವುದಕ್ಕೆ ಒಂದು ನಿಮಿಷ ಸಾಕು, ದುಡ್ಡು ಕೊಡುವ ಮುಂಚೆ ನೋಡಿ. ನಿಜವಾಗಿ ಊದಿದ್ದರೆ ಅದನ್ನು ಒತ್ತಬೇಡಿ, ಚುಚ್ಚಬೇಡಿ, ಅದು ಬೇರೆಯೇ ಕಥೆ.

ರಿಪೇರಿ ಮಾಡುವವರನ್ನೂ ಕೇಳಿದೆ. ಪ್ಯಾಡ್ ಬಿಡಿಯಾಗಿ ಬರುವುದಿಲ್ಲ, ಕೀಬೋರ್ಡ್ ಸಮೇತ ಮೇಲಿನ ಭಾಗ ಪೂರ್ತಿ ಬದಲಿಸಬೇಕು ಅಂದರು. ಹೊಸ ಲ್ಯಾಪ್‌ಟಾಪ್ ಬೆಲೆಯ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಸ್ವಿಚ್ ಮಾತ್ರ ಬದಲಿಸಿ ಕೊಡಿ ಅಂದಿದ್ದಕ್ಕೆ ನಕ್ಕರು. ನನಗೆ ಹಟ ಹಿಡಿದಿದ್ದು ಆ ನಗುವಿನಿಂದಲೇ.

ಬಿಡಿ ಪ್ಯಾಡ್ ಒಂದನ್ನು ನಾನೇ ಹುಡುಕಿ ತರಿಸಿದೆ. ಮಾಡೆಲ್ ನಂಬರ್ ಅದೇ, ಗಾತ್ರ ಅದೇ, ಸ್ಕ್ರೂ ತೂತುಗಳೂ ಅದೇ ಜಾಗದಲ್ಲಿ. ಕನೆಕ್ಟರ್ ಮಾತ್ರ ಬೇರೆ. ಒಂದೇ ಮಾಡೆಲ್ಲಿಗೆ ಎರಡು ಕಡೆಯಿಂದ ಪ್ಯಾಡ್ ಕೊಂಡು ಹಾಕುವ ಪದ್ಧತಿ ಇದೆ. ಆದ್ದರಿಂದ ನಿಮ್ಮ ಪ್ಯಾಡಿನ ಹಿಂದೆ ಅಂಟಿಸಿದ ಪಾರ್ಟ್ ನಂಬರ್ ಓದದೆ ತರಿಸಬೇಡಿ. ವಾಪಸ್ ಕಳಿಸುವ ಖರ್ಚು ಅದರ ಬೆಲೆಯ ಅರ್ಧದಷ್ಟಾಗುತ್ತಿತ್ತು, ಇರಲಿ ಅಂತ ಇಟ್ಟುಕೊಂಡೆ.

ನಡುವೆ ಒಂದಷ್ಟು ದಿನ ಸಾಫ್ಟ್‌ವೇರ್ ಹಿಂದೆ ಬಿದ್ದೆ. ಟ್ಯಾಪ್ ಮಾಡಿದರೆ ಕ್ಲಿಕ್ ಆಗುವ ಸೆಟ್ಟಿಂಗ್ ಇದೆಯಲ್ಲ, ಎಲ್ಲರೂ ಹೇಳುವುದು ಅದನ್ನೇ. ಸುಮ್ನೆ ಓದುವವರಿಗೆ ಸಾಕು. ಆದರೆ ದಿನವಿಡೀ ಎಳೆದು ಬಿಡುವ (ಡ್ರ್ಯಾಗ್) ಕೆಲಸ ಇರುವವರಿಗೆ ಟ್ಯಾಪ್ ಮಾಡಿ ಎಳೆಯುವುದು ಹಿಂಸೆ. ನಾನೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ: ಬಿಟ್ಟ ಮೇಲೆ 50 ಮಿಲಿಸೆಕೆಂಡ್ ಒಳಗೆ ಮತ್ತೆ ಒತ್ತಿದ ಸುದ್ದಿ ಬಂದರೆ ಅದನ್ನು ನುಂಗಿಬಿಡು ಅಂತ. ಡಬಲ್ ಕ್ಲಿಕ್ ನಿಂತಿತು, ನಾನು ಬೀಗಿದೆ. ಆದರೆ ಎಳೆಯುವಾಗ ನಡುವೆ ಸ್ವಿಚ್ ಕಚ್ಚು ಬಿಟ್ಟರೆ "ಬಿಟ್ಟ" ಅನ್ನುವ ಸುದ್ದಿ ಆಗಲೇ ಹೋಗಿಯಾಗಿರುತ್ತದೆ, ಅಲ್ವಾ? ಹಾಗೆ ಒಂದು ಇಡೀ ಫೋಲ್ಡರ್ ದಾರಿಯಲ್ಲಿ ಯಾವುದೋ ಇನ್ನೊಂದರ ಒಳಗೆ ಬಿದ್ದುಹೋಯಿತು. ಅಳಿಸಿಹೋಯಿತು ಅಂತ ಮೂರು ಗಂಟೆ ಹುಡುಕಿದ್ದೇನೆ. ಬಿಡುವ ಸುದ್ದಿಯನ್ನೂ ತಡಮಾಡಿ ಕಳಿಸೋಣ ಅಂತ ನೋಡಿದೆ. ದಿನ ಕಳೆದಂತೆ ಸ್ವಿಚ್ ಇನ್ನೂ ಕೆಟ್ಟು, ಬಿಡುವ ಅಂತರ 100 ಮಿಲಿಸೆಕೆಂಡ್ ದಾಟಿತು. ಅಷ್ಟು ತಡಮಾಡಿದರೆ ಬೇಕೆಂದೇ ಮಾಡಿದ ಡಬಲ್ ಕ್ಲಿಕ್ ಕೂಡ ಒಂದಾಗುತ್ತದೆ. ಸ್ಕ್ರಿಪ್ಟ್ ಕಿತ್ತೆಸೆದೆ.

ಬಲಗಡೆಯ ಕಂಟ್ರೋಲ್ ಕೀಯನ್ನೇ ಕ್ಲಿಕ್ ಮಾಡಿಕೊಂಡೂ ಒಂದು ವಾರ ನಡೆಸಿದೆ. ನಿಜ ಹೇಳಬೇಕೆಂದರೆ ಅದು ಚೆನ್ನಾಗಿಯೇ ಇತ್ತು. ಬೇರೆಯವರು ನನ್ನ ಲ್ಯಾಪ್‌ಟಾಪ್ ಮುಟ್ಟಿದಾಗ ಬೈದುಕೊಳ್ಳುತ್ತಿದ್ದರು, ಅಷ್ಟೇ.

ಈಗ ಅಸಲು ಕೆಲಸಕ್ಕೆ ಬರುತ್ತೇನೆ. ಪ್ಯಾಡ್ ಹೊರಗೆ ತೆಗೆದು ಸ್ವಿಚ್ಚಿನ ಎರಡು ಕಾಲಿಗೆ ಮಲ್ಟಿಮೀಟರ್ ಹಿಡಿದು ಒತ್ತಿದೆ. ಒಳ್ಳೆಯ ಸ್ವಿಚ್ ಆದರೆ ಒಂದು ಓಮ್ ಒಳಗೇ ಇರಬೇಕು. ನನ್ನದು ಒಂದು ಸಲ 5, ಒಂದು ಸಲ 80, ಇನ್ನೊಂದು ಸಲ ಏನೂ ಇಲ್ಲ. ಇನ್ನೇನು ಬೇಕು ಸಾಕ್ಷಿ.

ಮೊದಲು ಯೋಚಿಸಿದ್ದು ಎಲ್ಲರ ಹಾಗೆ ಬೆಸುಗೆ ಬಿಡಿಸಿ ಹೊಸ ಸ್ವಿಚ್ ಕೂರಿಸುವುದು. ಪುಣ್ಯಕ್ಕೆ ಆ ಕನೆಕ್ಟರ್ ಹೊಂದದ ಪ್ಯಾಡ್ ಇತ್ತಲ್ಲ, ಅದರ ಮೇಲೆ ಕೈ ಪಳಗಿಸೋಣ ಅಂತ ಹೊರಟೆ. ಬೆಸುಗೆ ಕರಗಿಸುವ ಹಾಟ್ ಏರ್ ಗನ್ 350 ಡಿಗ್ರಿಗೆ ಇಟ್ಟೆ. ಸೀಸ ಇಲ್ಲದ ಸೋಲ್ಡರ್ ಕರಗುವುದೇ 217 ಡಿಗ್ರಿ ಮೇಲೆ, ಪ್ಯಾಡಿನ ತಾಮ್ರ ಬೇರೆ ಶಾಖ ಎಳೆದುಕೊಳ್ಳುತ್ತದೆ, ಆದ್ದರಿಂದ ಹೊತ್ತು ಹಿಡಿಯಿತು. ಸ್ವಿಚ್ ಬಂತು. ಅದರ ಜೊತೆಗೆ ಪಕ್ಕದ ಎರಡು ಕೆಪಾಸಿಟರ್ ಹಾರಿಹೋದವು, ಇನ್ನೊಂದು ಮುಖದಲ್ಲಿ ಗಾಜಿನ ಅಂಟು ಬಿಟ್ಟು ದೊಡ್ಡದೊಂದು ಗುಳ್ಳೆ ಎದ್ದಿತು. ಕೈ ಚೆನ್ನಾಗಿರುವವರು ಮಾಡುತ್ತಾರೆ, ಮಾಡಲಿ. ಗಾಜು ಅಂಟಿಸಿದ ಪ್ಯಾಡಿಗೆ ಬಿಸಿಗಾಳಿ ತೋರಿಸುವುದಿಲ್ಲ ಅಂತ ನಾನು ಅವತ್ತೇ ತೀರ್ಮಾನ ಮಾಡಿದೆ.

ಹಾಳಾದ ಪ್ಯಾಡನ್ನು ಎಸೆಯುವ ಮುಂಚೆ ಕುತೂಹಲಕ್ಕೆ ಆ ಸ್ವಿಚ್ಚನ್ನು ಭೂತಗನ್ನಡಿ ಕೆಳಗೆ ಇಟ್ಟು ಬ್ಲೇಡ್ ತುದಿಯಿಂದ ಮೇಲಿನ ಕಂದು ಫಿಲ್ಮ್ ಎಬ್ಬಿಸಿದೆ. ಒಳಗೆ ಏನಿದೆ ಅಂತೀರಿ? ಕವುಚಿ ಹಾಕಿದ ಪುಟ್ಟ ತಟ್ಟೆಯಂಥ ಒಂದು ಡೋಮ್, ಅಗಲ 4 ಮಿಲಿಮೀಟರ್ ಇರಬಹುದು, ಕಾಗದಕ್ಕಿಂತ ತೆಳು. ಅದರ ಕೆಳಗೆ ನಡುವೆ ಒಂದು ಕಾಂಟ್ಯಾಕ್ಟ್, ಅಂಚಿಗೆ ಒಂದು. ಒತ್ತಿದರೆ ಡೋಮ್ ಟಕ್ ಅಂತ ಒಳಗೆ ಬಗ್ಗಿ ಎರಡನ್ನೂ ಸೇರಿಸುತ್ತದೆ. ನಾವು ಕೇಳುವ ಸದ್ದು ಅದೇ. ಇಷ್ಟೇ ಆದರೆ ಬೆಸುಗೆ ಯಾಕೆ ಬೇಕು, ಡೋಮ್ ಒಂದನ್ನೇ ಬದಲಿಸಿದರೆ ಆಯಿತಲ್ಲ ಅಂತ ತಲೆಗೆ ಹೊಳೆದದ್ದು ಆವಾಗ.

ನನ್ನ ಪ್ಯಾಡಿನ ಸ್ವಿಚ್ ಬಿಚ್ಚಿದೆ. ಡೋಮಿನ ಒಳಮುಖದಲ್ಲಿ ನಟ್ಟ ನಡುವೆ ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆ. ಬೆಳ್ಳಿ ಲೇಪ ಕಪ್ಪಾಗಿತ್ತು. ಹೊಸ ಡೋಮ್ ಇನ್ನೂ ಇರಲಿಲ್ಲ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆದು ನೋಡೋಣ ಅಂದುಕೊಂಡೆ. ನಾಲ್ಕು ದಿನ ಚೆನ್ನಾಗಿತ್ತು. ಜಿಡ್ಡು ಹೋಗುತ್ತದೆ, ಬೆಳ್ಳಿಯ ಕಪ್ಪು ಅದರಿಂದ ಹೋಗುವುದಿಲ್ಲ. ಮತ್ತೆ ಬಿಚ್ಚಿ, ಈ ಸಲ 1000 ನಂಬರ್ ಸ್ಯಾಂಡ್ ಪೇಪರಿನಲ್ಲಿ ಡೋಮನ್ನು ಮೆಲ್ಲಗೆ ಉಜ್ಜಿದೆ. ಆಹಾ, ಮೂರು ವಾರ ಹೊಸದರ ಹಾಗಿತ್ತು! ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೂ ಆಯಿತು. ನಾಲ್ಕನೇ ವಾರ ಮೊದಲಿಗಿಂತ ಕೆಟ್ಟಿತು. ಬಿಚ್ಚಿ ನೋಡಿದರೆ ಬೆಳ್ಳಿಯೇ ಇಲ್ಲ, ಕೆಳಗಿನ ಸ್ಟೀಲ್ ಕಾಣುತ್ತಿದೆ. ಲೇಪ ಅನ್ನುವುದು ಎಷ್ಟು ತೆಳು ಇರುತ್ತದೆ ಅಂತ ಯೋಚಿಸದೆ ಉಜ್ಜಿದ್ದಕ್ಕೆ ಸಿಕ್ಕ ಫಲ. ತಳದ ಕಾಂಟ್ಯಾಕ್ಟಿಗೆ ಸ್ಯಾಂಡ್ ಪೇಪರ್ ಮುಟ್ಟಿಸಿರಲಿಲ್ಲ, ಅದೇ ನನ್ನನ್ನು ಉಳಿಸಿದ್ದು. ಅದಕ್ಕೆ ಪೆನ್ಸಿಲ್ ರಬ್ಬರಿನ ಚೂರನ್ನು ಕಡ್ಡಿಗೆ ಅಂಟಿಸಿಕೊಂಡು ನಾಲ್ಕೈದು ಸಲ ತಿರುಗಿಸಿದರೆ ಸಾಕು, ಆಮೇಲೆ ಒಂದು ಹನಿ ಐಪಿಎ.

ಡೋಮ್ ಬೇಟೆ ಶುರುವಾಯಿತು. 6 ಮಿಲಿಮೀಟರಿನ ಸಾಮಾನ್ಯ ಟ್ಯಾಕ್ಟ್ ಸ್ವಿಚ್ (ಇದೇ ಥರ ಡೋಮ್ ಇರುವ ಪುಟ್ಟ ಒತ್ತುಗುಂಡಿ) ಪೊಟ್ಟಣದಲ್ಲಿ ಹತ್ತಾರು ಬರುತ್ತವೆ, ಒಂದು ಚಹಾದ ಖರ್ಚೂ ಇಲ್ಲ. ಅದರ ಡೋಮ್ ತೆಗೆದು ಹಾಕಿದೆ. ಕೂತಿತು, ಆದರೆ ಕಲ್ಲಿನ ಹಾಗೆ ಗಟ್ಟಿ. ನಾನು ತಂದಿದ್ದು 260 ಗ್ರಾಂ ಬಲದ್ದು. ಪ್ಯಾಡಿನ ಕೆಳ ಅಂಚಿನಲ್ಲಿ ಹೇಗೋ ನಡೆಯಿತು, ಒಂದಿಷ್ಟು ಮೇಲೆ ಹೋದರೆ ಹೆಬ್ಬೆರಳು ಹಾಕಿ ತಳ್ಳಬೇಕು. ಹಿಂಜ್ ಹತ್ತಿರ ಹೋದಷ್ಟೂ ಬಲ ಜಾಸ್ತಿ ಬೇಕಲ್ಲ. ಸಂಜೆ ಹೊತ್ತಿಗೆ ತೋರುಬೆರಳು ನೋಯುತ್ತಿತ್ತು. 160 ಗ್ರಾಮಿನವೂ ಸಿಗುತ್ತವೆ, ಹುಡುಕಬಹುದಿತ್ತು. ಅಷ್ಟರಲ್ಲಿ ಗುಜರಿಗೆ ಹೊರಟಿದ್ದ, ಬೇರೆಯದೇ ಕಂಪನಿಯ ಸತ್ತ ಲ್ಯಾಪ್‌ಟಾಪ್ ಒಂದು ಪುಕ್ಕಟೆ ಸಿಕ್ಕಿತು. ಅದರ ಪ್ಯಾಡಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಸ್ವಿಚ್. ಬಲದ್ದರ ಡೋಮ್ ತೆಗೆದುಕೊಂಡೆ, ಯಾಕೆಂದರೆ ರೈಟ್ ಕ್ಲಿಕ್ ಯಾರೂ ಅಷ್ಟು ಬಳಸುವುದಿಲ್ಲ. ಭೂತಗನ್ನಡಿ ಕೆಳಗೆ ನೋಡಿದರೆ ಫಳಫಳ.

ಕೂರಿಸುವಾಗ ಎರಡು ಎಚ್ಚರ. ಡೋಮನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡೇ ಮುಂದಿನ ಕಪ್ಪು ಚುಕ್ಕೆ. ಹಲ್ಲುಕಡ್ಡಿಯ ತುದಿಗೆ ಸ್ವಲ್ಪ ಮೇಣ ಹಚ್ಚಿದರೆ ತಾನಾಗಿ ಅಂಟಿಕೊಂಡು ಬರುತ್ತದೆ, ಚಿಮುಟದಲ್ಲಿ ಹಿಡಿದರೆ ಅಂಚು ಸೊಟ್ಟಗಾಗುತ್ತದೆ. ಎರಡನೆಯದು ಫಿಲ್ಮ್. ಎಬ್ಬಿಸಿದ ಫಿಲ್ಮ್ ಮತ್ತೆ ಅಂಟುವುದಿಲ್ಲ. ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ತೆಳು ಪ್ಲಾಸ್ಟಿಕ್ ಟೇಪ್) ಅಳತೆಗೆ ಕತ್ತರಿಸಿ ನಾಲ್ಕೂ ಕಡೆ ಭದ್ರವಾಗಿ ಮುಚ್ಚಿದೆ. ಸದ್ದೇ ಹೋಯಿತು! ಒತ್ತಿದರೆ ಸ್ಪಂಜು ಒತ್ತಿದ ಹಾಗೆ. ಒಳಗಿನ ಗಾಳಿಗೆ ಹೋಗಲು ದಾರಿ ಇಲ್ಲ, ಡೋಮ್ ಬಗ್ಗುವುದು ಹೇಗೆ? ಕೂದಲೆಳೆಯಷ್ಟು ಸಂದು ಬಿಡಬೇಕು. ಸಂದು ಬಿಟ್ಟೂ ದೂಳು ಒಳಗೆ ಹೋಗದ ಹಾಗೆ ನಾನೊಂದು ಉಪಾಯ ಮಾಡಿದ್ದೇನೆ. ಅದನ್ನು ಕಂಡುಹಿಡಿಯಲು ಐದು ಸಲ ಬಿಚ್ಚಿದ್ದೇನೆ, ಹಾಗಾಗಿ ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ. ಡೋಮ್ ಸರಿಯಾಗಿ ನಡುವೆ ಕೂರುವುದಕ್ಕೆ ಏನು ಹಿಡಿದುಕೊಂಡೆ ಅನ್ನುವುದೂ ಅಷ್ಟೇ.

ಇಷ್ಟಾದರೂ ಮುಗಿಯಲಿಲ್ಲ. ಹೊಸ ಡೋಮ್ ಹಳೆಯದಕ್ಕಿಂತ ಒಂದು ಎಳೆ ತಗ್ಗು. ಸ್ವಿಚ್ಚನ್ನು ಒತ್ತುವ ತಗಡಿನ ಮೂತಿ ಅದಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ತಗಡಿಗೆ ಅದೇ ಟೇಪಿನ ಚೂರು ಅಂಟಿಸುತ್ತಾ ಹೋದೆ. ಒಂದು ಪದರ ಅಂದರೆ ಸುಮಾರು 0.06 ಮಿಲಿಮೀಟರ್. ಒಂದು ಪದರಕ್ಕೆ ಏನೂ ಆಗಲಿಲ್ಲ. ಎರಡಕ್ಕೆ ಟಕ್ ಅಂತ ಶುದ್ಧ ಸದ್ದು. ಮೂರು ಹಾಕಿದರೆ ಇನ್ನೂ ಚೆನ್ನಾಗಿರಬಹುದು ಅನ್ನುವ ಆಸೆಗೆ ಹಾಕಿದೆ, ಲ್ಯಾಪ್‌ಟಾಪನ್ನು ಒಂದು ಮೂಲೆ ಹಿಡಿದು ಎತ್ತಿದರೆ ತಾನೇ ಕ್ಲಿಕ್ ಆಗತೊಡಗಿತು. ಎರಡಕ್ಕೇ ನಿಲ್ಲಿಸಿದೆ. ಕೆಲವು ಮಾಡೆಲ್‌ಗಳಲ್ಲಿ ಈ ಎತ್ತರಕ್ಕೆ ಅಂತಲೇ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅವರು ಪುಣ್ಯವಂತರು.

ಒಂದು ಸಲ ಎಲ್ಲ ಜೋಡಿಸಿದ ಮೇಲೆ ಕ್ಲಿಕ್ ಸತ್ತೇ ಹೋಗಿತ್ತು, ಎದೆ ಧಸಕ್ಕೆಂದಿತು. ನೋಡಿದರೆ ಪ್ಯಾಡಿನ ಕೆಳಗಿನ ತೂತಿಗೆ ಉದ್ದದ ಸ್ಕ್ರೂ ಹಾಕಿದ್ದೆ. ಅದು ತುದಿಯಿಂದ ಪ್ಯಾಡನ್ನು ತಳ್ಳಿ ಹಿಡಿದಿತ್ತು.

ಲೆಕ್ಕ ಹೇಳಿಬಿಡುತ್ತೇನೆ. ಬ್ಯಾಟರಿ, ಹೊಂದದ ಪ್ಯಾಡ್, ಹಾಟ್ ಏರ್‌ಗೆ ಕೊಂಡ ನಾಜಲ್ ಎಲ್ಲ ಸೇರಿಸಿದರೆ ರಿಪೇರಿಯವರು ಹೇಳಿದ ಮೊತ್ತದ ಅರ್ಧಕ್ಕಿಂತ ಜಾಸ್ತಿಯೇ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದರಲ್ಲಿ ಕೆಲಸಕ್ಕೆ ಬಂದಿದ್ದು ಒಂದು ಸುರುಳಿ ಟೇಪ್, ಒಂದು ಬ್ಲೇಡ್, ಅರ್ಧ ಬಾಟಲಿ ಐಪಿಎ. ನೇರ ಇಲ್ಲಿಗೇ ಬಂದಿದ್ದರೆ ಅಗ್ಗದ ಮೌಸಿನ ಬೆಲೆಯೂ ಆಗುತ್ತಿರಲಿಲ್ಲ. ಕೈ ಕೂತ ಮೇಲೆ ಇಡೀ ಕೆಲಸ ನಲವತ್ತು ನಿಮಿಷದ್ದು. ಆಮೇಲೆ ಬೇರೆಯವರ ಎರಡು ಲ್ಯಾಪ್‌ಟಾಪಿಗೂ ಮಾಡಿಕೊಟ್ಟಿದ್ದೇನೆ. ಒಂದು ಗೆದ್ದಿತು. ಇನ್ನೊಂದರಲ್ಲಿ ತಳದ ಕಾಂಟ್ಯಾಕ್ಟೇ ತಿಂದುಹೋಗಿತ್ತು, ಯಾವ ಕಾಲದಲ್ಲೋ ಏನೋ ಚೆಲ್ಲಿದ್ದರಂತೆ. ಅಂಥದ್ದಕ್ಕೆ ಸ್ವಿಚ್ ಪೂರ್ತಿ ಬದಲಿಸದೆ ಗತಿಯಿಲ್ಲ.

2015ರಿಂದ ಮ್ಯಾಕ್‌ಬುಕ್‌ಗಳಲ್ಲಿ ಬಂದ ಫೋರ್ಸ್ ಟಚ್ ಪ್ಯಾಡಿಗೆ ಈ ವಿದ್ಯೆ ನಡೆಯುವುದಿಲ್ಲ, ಅಲ್ಲಿ ಸ್ವಿಚ್ಚೇ ಇಲ್ಲ, ವಿದ್ಯುತ್ಕಾಂತ ಪ್ಯಾಡನ್ನು ಅದುರಿಸಿ ಕ್ಲಿಕ್ ಆದ ಹಾಗೆ ಅನ್ನಿಸುತ್ತದೆ ಅಷ್ಟೇ. ಲೆನೊವೊದ ಥಿಂಕ್‌ಪ್ಯಾಡ್ ಟಿ440 ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. 2013ರಲ್ಲಿ ಅದರ ಪ್ಯಾಡಿನ ಮೇಲಂಚಿನ ಬಟನ್‌ಗಳನ್ನು ತೆಗೆದುಹಾಕಿದರು, ಜನ ಬೈದರು, 2015ರ ಟಿ450ರಲ್ಲಿ ವಾಪಸ್ ಬಂದವು. ಆ ಹೊಸ ಪ್ಯಾಡನ್ನು ಹಳೆಯದಕ್ಕೆ ಕೂರಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ನನ್ನದರಲ್ಲಿ ಒಂದು ಕೊರತೆ ಉಳಿದಿದೆ. ಎಡ ಮೂಲೆಯಲ್ಲಿ ಒತ್ತಿದರೆ ಬಲಕ್ಕಿಂತ ತುಸು ಬಿಗಿ. ಟೇಪಿನ ಚೂರು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ ಅಂತ ಅನುಮಾನ. ಮುಂದಿನ ಸಲ ಫ್ಯಾನ್ ದೂಳು ಹೊಡೆಯಲು ಬಿಚ್ಚಿದಾಗ ನೋಡುತ್ತೇನೆ.