ಕಾಲು ಮೈಲಿ, 12 ಸೆಕೆಂಡ್: ಹಳೆಯ ನೋವಾವನ್ನು ಹಿಂದಿನಿಂದ ಮುಂದಕ್ಕೆ ಕಟ್ಟುವ ಬಗೆ

ಡ್ರ್ಯಾಗ್ ರೇಸ್‌ನ ಓಟ 1320 ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 402 ಮೀಟರ್. ತಿರುವಿಲ್ಲ, ಏರಿಳಿತವಿಲ್ಲ. ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಇಳಿಯುವವರು ಹಳೆಯ ಮಸಲ್ ಕಾರು (ದೊಡ್ಡ ಎಂಜಿನ್ನಿನ ಎರಡು ಬಾಗಿಲ ಕಾರು) ಕೊಂಡ ಮರುದಿನವೇ ಬಾನೆಟ್ ತೆರೆದು ಎಂಜಿನ್‌ಗೆ ಕೈಹಾಕುತ್ತಾರೆ. ಎಡವುವುದೂ ಅಲ್ಲೇ. ಹಿಂದಿನ ಚಕ್ರ ನೆಲ ಕಚ್ಚದಿದ್ದರೆ 400 ಕುದುರೆಶಕ್ತಿಯೂ ಟಯರಿನ ಹೊಗೆಯಾಗಿ ಹೋಗುತ್ತದೆ. ಮೊದಲ 60 ಅಡಿಯಲ್ಲಿ ಉಳಿಸಿದ 0.1 ಸೆಕೆಂಡ್ ಕೊನೆಯ ಗೆರೆ ಮುಟ್ಟುವಾಗ 0.15ರಿಂದ 0.2 ಸೆಕೆಂಡ್ ಆಗಿರುತ್ತದೆ. ಆದ್ದರಿಂದ ಕಾರನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿ: ಮೊದಲು ಟಯರು, ಆಕ್ಸಲ್, ಸ್ಪ್ರಿಂಗು. ಆಮೇಲೆ ಗೇರ್‌ಬಾಕ್ಸ್. ಎಂಜಿನ್ ಕೊನೆಗೆ.

ಉದಾಹರಣೆಗೆ 1968ರಿಂದ 1974ರವರೆಗಿನ ಷೆವ್ರೊಲೆ ನೋವಾವನ್ನು ತೆಗೆದುಕೊಳ್ಳೋಣ. ಹಗುರ, ಸರಳ, ಬಿಡಿಭಾಗಗಳು ಇಂದಿಗೂ ಹೊಸದಾಗಿ ಸಿಗುತ್ತವೆ. ಗುರಿ: ರಸ್ತೆಯಲ್ಲೂ ಓಡಿಸಬಹುದಾದ, ಕಾಲು ಮೈಲಿಯನ್ನು 12 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುವ ಕಾರು.

ಕಾರಿನ ಆಯ್ಕೆ

ಅಸಲಿ ಎಸ್‌ಎಸ್ (ಸೂಪರ್ ಸ್ಪೋರ್ಟ್) ಮಾದರಿಯನ್ನು ಕತ್ತರಿಸಬೇಡಿ. ಅದರ ಬೆಲೆ ಇರುವುದೇ ಅದು ಕಾರ್ಖಾನೆಯಿಂದ ಬಂದಂತೆ ಉಳಿದಿರುವುದರಲ್ಲಿ. ರೇಸಿಗೆ ಬೇಕಾದದ್ದು ಆರು ಸಿಲಿಂಡರಿನ ಸಾದಾ ಎರಡು ಬಾಗಿಲ ಕಾರು. 1968ರಿಂದ 1971ರ ಕಾರುಗಳ ವಿಐಎನ್ (ಕಾರಿನ ಗುರುತಿನ) ಸಂಖ್ಯೆ 113ರಿಂದ ಶುರುವಾದರೆ ಅದು ಸಿಕ್ಸ್ ಸಿಲಿಂಡರ್, 114 ಆದರೆ ವಿ8. ಸಿಕ್ಸ್ ಸಿಲಿಂಡರಿನ ಮುಂದಿನ ಸ್ಪ್ರಿಂಗುಗಳನ್ನು ಎಸೆಯಬೇಡಿ, ಮುಂದೆ ಉಪಯೋಗಕ್ಕೆ ಬರುತ್ತವೆ.

ಕಾರು ನೋಡಲು ಹೋಗುವಾಗ ಟಾರ್ಚು, ಒಂದು ಸ್ಕ್ರೂಡ್ರೈವರ್ ಜೊತೆಗಿರಲಿ. ಬಣ್ಣ, ಸೀಟು ನೋಡಿ ಮರುಳಾಗಬೇಡಿ, ಕೆಳಗೆ ನುಗ್ಗಿ. ನೋವಾದ ಮುಂಭಾಗ ಬೇರೆಯೇ ಸಬ್‌ಫ್ರೇಮ್, ಅದು ಬಾಡಿಗೆ ಬೋಲ್ಟಿನಲ್ಲಿ ಕೂತಿರುತ್ತದೆ. ಆ ಬೋಲ್ಟು ಕೂರುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗಿನ ಮುಂತುದಿ ಸಿಕ್ಕಿಸಿರುವ ಜಾಗ, ಡಿಕ್ಕಿಯ ತಳ, ಮುಂಗಾಜಿನ ಕೆಳಗಿನ ಕೌಲ್, ಈ ನಾಲ್ಕನ್ನು ಚುಚ್ಚಿ ನೋಡಿ. ಸ್ಪ್ರಿಂಗಿನ ಮುಂತುದಿಯ ತಗಡು ತುಕ್ಕು ತಿಂದಿದ್ದರೆ ಆ ಕಾರು ಬೇಡ. ಎಂಜಿನ್ ಹಿಂಚಕ್ರಕ್ಕೆ ಕೊಟ್ಟ ಬಲವೆಲ್ಲ ಕಾರನ್ನು ಮುಂದೆ ತಳ್ಳುವುದು ಅದೇ ಜಾಗದಿಂದ.

ಟಯರು, ಆಕ್ಸಲ್, ಸ್ಪ್ರಿಂಗು

ಹಿಂದಕ್ಕೆ 235/60ಆರ್15 ಅಳತೆಯ ಡ್ರ್ಯಾಗ್ ರೇಡಿಯಲ್ (ಮೆತ್ತನೆ ರಬ್ಬರಿನ) ಟಯರು ಸಾಕು. ಎತ್ತರ ಸುಮಾರು 26 ಇಂಚು. ಚಕ್ರದ ಗೂಡಿನ ತಗಡು ಕತ್ತರಿಸದೆ ಕೂರುತ್ತದೆ, ರಸ್ತೆಗೂ ನಡೆಯುತ್ತದೆ. ಸ್ಟ್ರಿಪ್‌ನಲ್ಲಿ, ಅಂದರೆ ಓಟದ ನೇರ ದಾರಿಯಲ್ಲಿ, 18ರಿಂದ 20 ಪಿಎಸ್‌ಐ ಗಾಳಿಯಿಂದ ಶುರು ಮಾಡಿ.

ಆಕ್ಸಲ್‌ನಲ್ಲಿ ಹುಷಾರಾಗಿರಿ. ಹಳೆಯ ನೋವಾಗಳಲ್ಲಿ ಬರುವ 8.2 ಇಂಚಿನ ಕ್ರೌನ್ ಗೇರ್, ಹಿಂಮುಚ್ಚಳಕ್ಕೆ ಹತ್ತು ಬೋಲ್ಟು ಇರುವ ಟೆನ್-ಬೋಲ್ಟ್ ಆಕ್ಸಲ್ ಈ ಕೆಲಸಕ್ಕೆ ತಾಳುವುದಿಲ್ಲ, ಪಿನಿಯನ್ ಹಲ್ಲು ಉದುರುತ್ತದೆ. ಅನಂತರ ಬಂದ 8.5 ಇಂಚಿನ ಟೆನ್-ಬೋಲ್ಟ್ ಸಾಕಷ್ಟು ಗಟ್ಟಿ. 8.875 ಇಂಚಿನ ಟ್ವೆಲ್ವ್-ಬೋಲ್ಟ್ ಇನ್ನೂ ಗಟ್ಟಿ, ಬೆಲೆಯೂ ಹೆಚ್ಚು. ಎರಡರಲ್ಲೂ ಆಕ್ಸಲ್ ಶಾಫ್ಟ್ ನಿಲ್ಲುವುದು ಒಳತುದಿಯ ಸಣ್ಣದೊಂದು ಸಿ ಆಕಾರದ ಕ್ಲಿಪ್ಪಿನ ಆಧಾರದಲ್ಲಿ. ಶಾಫ್ಟ್ ಮುರಿದರೆ ಚಕ್ರದ ಸಮೇತ ಆಚೆ ಬರುತ್ತದೆ. ಆದ್ದರಿಂದ ಸ್ಲಿಕ್ (ಗೀರಿಲ್ಲದ ರೇಸ್) ಟಯರು ಹಾಕುವ ಯೋಚನೆಯಿದ್ದರೆ ಗಟ್ಟಿ ಉಕ್ಕಿನ ಹೊಸ ಶಾಫ್ಟುಗಳು, ಸಿ-ಕ್ಲಿಪ್ ಎಲಿಮಿನೇಟರ್ ಕಿಟ್ ಎರಡಕ್ಕೂ ಮೊದಲೇ ದುಡ್ಡು ತೆಗೆದಿಡಿ.

ಕ್ರೌನ್-ಪಿನಿಯನ್ ಅನುಪಾತ (ಚಕ್ರ ಒಮ್ಮೆ ತಿರುಗಲು ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು ಎಂಬುದು) ಎಷ್ಟಿರಬೇಕು? ನಮ್ಮಲ್ಲಿ ಆರ್‌ಎಕ್ಸ್ 100 ಬೈಕಿಗೆ ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿದರೆ ಎಳೆತ ಹೆಚ್ಚಿ ಟಾಪ್ ಸ್ಪೀಡ್ ಇಳಿಯುವುದನ್ನು ಕಂಡವರಿಗೆ ಇದು ಹೊಸ ವಿಷಯವಲ್ಲ. ಲೆಕ್ಕ ಹೀಗೆ: ಗಂಟೆಗೆ ಎಷ್ಟು ಮೈಲಿ ಎಂಬುದನ್ನು ಅನುಪಾತದಿಂದ ಗುಣಿಸಿ, ಮತ್ತೆ 336ರಿಂದ ಗುಣಿಸಿ, ಟಯರಿನ ಎತ್ತರದಿಂದ ಭಾಗಿಸಿದರೆ ಎಂಜಿನ್ನಿನ ಆರ್‌ಪಿಎಂ. ಕೊನೆಯ ಗೆರೆಯಲ್ಲಿ 110 ಮೈಲಿ ವೇಗ, 26 ಇಂಚಿನ ಟಯರು, 4.10 ಅನುಪಾತ ಎಂದರೆ ಸುಮಾರು 5830. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಭಾಗ) ಜಾರುವುದರಿಂದ ಇದಕ್ಕೆ ನೂರಕ್ಕೆ ಐದರಷ್ಟು ಸೇರಿಸಿ, 6100 ಆಯಿತು. ನಾವು ಕಟ್ಟಲಿರುವ ಎಂಜಿನ್‌ಗೆ ಇದು ಒಪ್ಪುತ್ತದೆ. ಹೆದ್ದಾರಿಯಲ್ಲಿ ಹೆಚ್ಚು ಓಡಿಸುವವರು 3.73ಕ್ಕೆ ಇಳಿಯಲಿ.

ಇನ್ನು ಸ್ಪ್ರಿಂಗು. ಆಕ್ಸಿಲರೇಟರ್ ಒತ್ತಿದ ಕ್ಷಣ ಆಕ್ಸಲ್ ಹಿಂದಕ್ಕೆ ತಿರುಚಿಕೊಂಡು ಪಿನಿಯನ್ ಮೂತಿ ಮೇಲೇಳುತ್ತದೆ, ಲೀಫ್ ಸ್ಪ್ರಿಂಗು ಹಾವಿನಂತೆ ಡೊಂಕಾಗುತ್ತದೆ. ಅದು ಒಮ್ಮೆ ನೆಟ್ಟಗಾಗಿ ಮತ್ತೆ ಡೊಂಕಾದಾಗ ಚಕ್ರ ನೆಲದ ಮೇಲೆ ಪುಟಿಯುತ್ತದೆ. ಆಕ್ಸಲ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಯು-ಜಾಯಿಂಟ್) ಮುರಿಯುವುದು ಈ ಪುಟಿತದಲ್ಲೇ. ಪರಿಹಾರ ಟ್ರ್ಯಾಕ್ಷನ್ ಬಾರ್, ಅಂದರೆ ಆಕ್ಸಲ್ ತಿರುಚಿಕೊಳ್ಳದಂತೆ ಸ್ಪ್ರಿಂಗಿನ ಕೆಳಗೆ ಬಿಗಿಯುವ ಉಕ್ಕಿನ ಪಟ್ಟಿ. ಜೊತೆಗೆ ಪಿನಿಯನ್ ಮೂತಿಯನ್ನು ಪ್ರೊಪೆಲ್ಲರ್ ಶಾಫ್ಟಿಗೆ ಹೋಲಿಸಿ 5ರಿಂದ 7 ಡಿಗ್ರಿ ಕೆಳಗೆ ಮಾಡಿ, ಸ್ಪ್ರಿಂಗಿನ ಮೇಲೆ ಓರೆ ಶಿಮ್ ಇಟ್ಟು ಬಿಗಿಯಿರಿ. ಭಾರ ಬಿದ್ದಾಗ ಅದು ಮೇಲೆದ್ದು ನೇರಕ್ಕೆ ಬರುತ್ತದೆ. ಕೋನ ಅಳೆಯುವಾಗ ಕಾರು ಚಕ್ರಗಳ ಮೇಲೇ ನಿಂತಿರಬೇಕು. ಜಾಕ್‌ನಲ್ಲಿ ಎತ್ತಿ ಹಿಂದಿನ ಆಕ್ಸಲ್ ನೇತಾಡುತ್ತಿರುವಾಗ ಅಳೆದದ್ದು ಪ್ರಯೋಜನಕ್ಕೆ ಬಾರದು.

ಎಡ ಚಕ್ರಕ್ಕಿಂತ ಬಲ ಚಕ್ರ ಬೇಗ ಜಾರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಬಲ ಆಕ್ಸಲ್‌ನ ಬಲತುದಿಯನ್ನು ಮೇಲೆತ್ತುವುದು ಇದಕ್ಕೆ ಕಾರಣ. ಅದಕ್ಕೇ ಬಲಗಡೆಯ ಟ್ರ್ಯಾಕ್ಷನ್ ಬಾರ್ ಸ್ಪ್ರಿಂಗಿಗೆ ತಾಗಿರಲಿ, ಎಡಗಡೆ ತುಸು ಸಂದಿರಲಿ. ಮುಂದೆ ಆ ಸಿಕ್ಸ್ ಸಿಲಿಂಡರ್ ಸ್ಪ್ರಿಂಗುಗಳನ್ನೇ ಹಾಕಿ, ಬೇಗ ಮೇಲೆದ್ದು ನಿಧಾನ ಇಳಿಯುವ 90/10 ಶಾಕ್ ಅಬ್ಸಾರ್ಬರ್ ಕೂರಿಸಿ. ಕಾರಿನ ಮೂತಿ ಎದ್ದಷ್ಟೂ ತೂಕ ಹಿಂಚಕ್ರದ ಮೇಲೆ ಬೀಳುತ್ತದೆ.

ಬ್ರೇಕಿನ ವಿಷಯದಲ್ಲಿ ಚೌಕಾಸಿ ಬೇಡ. ಮುಂದೆ ಡಿಸ್ಕ್, ಎಲ್ಲ ರಬ್ಬರ್ ಹೋಸ್ ಹೊಸದು, ಉಕ್ಕಿನ ಪೈಪು ಹೊಸದು.

ಗೇರ್‌ಬಾಕ್ಸ್

ಟಿಎಚ್350 ಆಟೋಮ್ಯಾಟಿಕ್ ಇರಲಿ. ಮ್ಯಾನ್ಯುಯಲ್‌ನ ಸುಖ ಬೇರೆ, ನಿಜ. ಆದರೆ ಪ್ರತಿ ಓಟವೂ ಒಂದೇ ಥರ ಬರಬೇಕಾದ ಈ ಆಟದಲ್ಲಿ ಆಟೋಮ್ಯಾಟಿಕ್ಕೇ ಸರಿ. ಸುಮಾರು 3000 ಆರ್‌ಪಿಎಂ ಸ್ಟಾಲ್ (ಬ್ರೇಕ್ ಹಿಡಿದು ಎಂಜಿನ್ ಏರಿಸಬಹುದಾದ ಮಿತಿ) ಇರುವ ಟಾರ್ಕ್ ಕನ್ವರ್ಟರ್ ಬೇಕು. ಅದಿಲ್ಲದಿದ್ದರೆ ಕ್ಯಾಮ್ (ವಾಲ್ವುಗಳನ್ನು ತೆರೆಯುವ ಉಬ್ಬುಗಳ ದಂಡ) ಎಚ್ಚರಗೊಳ್ಳುವ ಮೊದಲೇ ಕಾರು ತೆವಳುತ್ತಾ ಹೊರಡುತ್ತದೆ. ಇಂಥ ಕನ್ವರ್ಟರ್ ಎಣ್ಣೆಯನ್ನು ಕಾಯಿಸುತ್ತದೆ, ಆದ್ದರಿಂದ ರೇಡಿಯೇಟರ್ ಮುಂದೆ ಪ್ರತ್ಯೇಕ ಆಯಿಲ್ ಕೂಲರ್ ಇರಲೇಬೇಕು.

ಹೊಸಬರು ಗೇರ್‌ಬಾಕ್ಸ್ ಕೆಡಿಸುವುದು ಇಲ್ಲಿ: ಕನ್ವರ್ಟರನ್ನು ತಿರುಗಿಸುತ್ತಾ ಒಳಗೆ ತಳ್ಳುವಾಗ ಅದು ಒಂದೊಂದೇ ಮೆಟ್ಟಿಲು ಇಳಿದಂತೆ ಟಕ್ ಟಕ್ ಎಂದು ಕೂರಬೇಕು. ಪೂರ್ತಿ ಕೂತ ಮೇಲೆ ಗೇರ್‌ಬಾಕ್ಸನ್ನು ಎಂಜಿನ್‌ಗೆ ಬೋಲ್ಟ್ ಮಾಡಿದಾಗ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಎಂಜಿನ್ನಿನ ಹಿಂತುದಿಯ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ 1/8ರಿಂದ 3/16 ಇಂಚು ಸಂದಿರಬೇಕು. ಸಂದೇ ಇಲ್ಲ, ಬೋಲ್ಟ್ ಬಿಗಿದು ಎಳೆಯೋಣ ಎಂದುಕೊಂಡರೆ ಒಳಗಿನ ಪಂಪು ಒಡೆಯಿತೆಂದೇ ತಿಳಿಯಿರಿ.

ಈಗ ಎಂಜಿನ್

ಷೆವ್ರೊಲೆಯ 350 ಘನ ಇಂಚಿನ ಸ್ಮಾಲ್ ಬ್ಲಾಕ್ ವಿ8: ಬೋರ್ 4 ಇಂಚು, ಸ್ಟ್ರೋಕ್ 3.48 ಇಂಚು. ಹಳೆಯ ಬ್ಲಾಕನ್ನು ಮೆಷಿನ್ ಶಾಪಿಗೆ ಕೊಟ್ಟು, ಬಿರುಕು ಇಲ್ಲವೆಂದು ಖಾತ್ರಿಯಾದ ಮೇಲೆ 30 ಥೌ ಬೋರ್ ಹೊಡೆಸಿ. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ. ಪಿಸ್ಟನ್ ಮೊದಲೇ ಕೊಂಡು ಅವರ ಕೈಗಿಡಿ, ಹೋನ್ ಮಾಡುವುದು ಪಿಸ್ಟನ್ನಿನ ಅಳತೆಗೆ. ಚಪ್ಪಟೆ ತಲೆಯ ಪಿಸ್ಟನ್, 64 ಸಿಸಿ ಛೇಂಬರಿನ ಅಲ್ಯೂಮಿನಿಯಂ ಹೆಡ್, 39 ಥೌ ಗ್ಯಾಸ್ಕೆಟ್ ಸೇರಿದರೆ ಕಂಪ್ರೆಷನ್ 10:1ರ ಹತ್ತಿರ ಬರುತ್ತದೆ. ಬಂಕಿನಲ್ಲಿ ಸಿಗುವ ಪ್ರೀಮಿಯಂ ಪೆಟ್ರೋಲಿಗೆ ಇದು ಮಿತಿ.

ಬೇರಿಂಗ್ ಸಂದು ಕ್ರ್ಯಾಂಕ್‌ಶಾಫ್ಟಿನ ಮೇನ್‌ನಲ್ಲಿ ಎರಡೂವರೆ ಥೌ, ಅಂದರೆ 0.0025 ಇಂಚು. ಕನೆಕ್ಟಿಂಗ್ ರಾಡ್‌ನಲ್ಲಿ 0.0020ರಿಂದ 0.0025. ಮೇಲಿನ ಪಿಸ್ಟನ್ ರಿಂಗಿನ ಬಾಯಿ 18 ಥೌ, ಎರಡನೆಯದು 20 ಥೌ. ಇದಕ್ಕಿಂತ ಕಿರಿದಾಗಿದ್ದರೆ ರಿಂಗು ಬಿಸಿಗೆ ಹಿಗ್ಗಿ ತುದಿಗೆ ತುದಿ ತಾಗಿ ಪಿಸ್ಟನ್ನಿನ ಅಂಚನ್ನೇ ಕೀಳುತ್ತದೆ. ಹೆಡ್ ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ ಮೂರು ಸುತ್ತಿನಲ್ಲಿ 65 ಫುಟ್-ಪೌಂಡ್‌ವರೆಗೆ ಬಿಗಿಯಿರಿ, ಎಳೆಗಳಿಗೆ ಸೀಲಂಟ್ ಹಚ್ಚಿ. ಈ ಎಂಜಿನ್ನಿನ ಹೆಡ್ ಬೋಲ್ಟು ಇಳಿಯುವುದು ನೀರಿನ ಜಾಗಕ್ಕೆ. ಸೀಲಂಟ್ ಮರೆತರೆ ನೀರು ಎಳೆ ಹಿಡಿದು ಮೇಲೆ ಬಂದು ಆಯಿಲ್ ಸೇರುತ್ತದೆ.

50 ಥೌ ಎತ್ತುವಿಕೆಯಲ್ಲಿ 230 ಡಿಗ್ರಿ ಆಸುಪಾಸಿನ ಕ್ಯಾಮ್, 750 ಸಿಎಫ್‌ಎಂ (ನಿಮಿಷಕ್ಕೆ 750 ಘನ ಅಡಿ ಗಾಳಿ ಎಳೆಯುವ) ನಾಲ್ಕು ಬ್ಯಾರೆಲ್ ಕಾರ್ಬುರೇಟರ್, 1 5/8 ಇಂಚಿನ ಹೆಡರ್ (ಹೊಗೆ ಹೊರಹಾಕುವ) ಪೈಪು. ಇಷ್ಟಾದರೆ 375ರಿಂದ 400 ಕುದುರೆಶಕ್ತಿ ನಿರೀಕ್ಷಿಸಬಹುದು. ಚಾಲಕನೂ ಸೇರಿ 3400 ಪೌಂಡ್ ತೂಗುವ ಕಾರಿಗೆ ಅದು ಧಾರಾಳ.

ಮೊದಲ ಸ್ಟಾರ್ಟ್‌ಗೆ ಅರ್ಧ ದಿನ ಮೀಸಲಿಡಿ. ಡಿಸ್ಟ್ರಿಬ್ಯೂಟರ್ ತೆಗೆದು ಆ ತೂತಿನಿಂದ ಡ್ರಿಲ್ ಮೆಷಿನ್ನಿನಲ್ಲಿ ಆಯಿಲ್ ಪಂಪ್ ತಿರುಗಿಸಿ, ಎಲ್ಲ ರಾಕರ್‌ಗಳಲ್ಲೂ ಎಣ್ಣೆ ಜಿನುಗುವವರೆಗೆ. ಬರಿಯ ಕಂಬಿ ಇಳಿಸಿದರೆ ಸಾಲದು, ಡಿಸ್ಟ್ರಿಬ್ಯೂಟರಿನ ದೇಹವೇ ಒಂದು ಎಣ್ಣೆ ದಾರಿಯನ್ನು ಮುಚ್ಚುವುದರಿಂದ ಹಳೆಯದೊಂದರ ಗೇರ್ ತೆಗೆದು ಇದಕ್ಕೆಂದೇ ಇಟ್ಟುಕೊಳ್ಳಿ. ಫೈರಿಂಗ್ ಆರ್ಡರ್ 1-8-4-3-6-5-7-2, ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಕ್ರ್ಯಾಂಕ್ ಮಾಡಿದಾಗ ಕಾರ್ಬುರೇಟರ್ ಬಾಯಿಂದ ಬೆಂಕಿ ಉಗುಳಿದರೆ ಡಿಸ್ಟ್ರಿಬ್ಯೂಟರ್ 180 ಡಿಗ್ರಿ ತಿರುಗಿ ಕೂತಿದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಬೆರಳಿಟ್ಟು ಗಾಳಿ ಒತ್ತುವ ಸುತ್ತನ್ನು ಕಂಡುಕೊಂಡು ಮತ್ತೆ ಕೂರಿಸಿ.

ಫ್ಲಾಟ್ ಟ್ಯಾಪೆಟ್ (ರೋಲರ್ ಇಲ್ಲದ) ಕ್ಯಾಮ್ ಆದರೆ ಎಂಜಿನ್ ಹಿಡಿದ ಕೂಡಲೇ 2000ರಿಂದ 2500 ಆರ್‌ಪಿಎಂಗೆ ಏರಿಸಿ, ಹೆಚ್ಚು ಕಡಿಮೆ ಮಾಡುತ್ತಾ 20ರಿಂದ 30 ನಿಮಿಷ ಅಲ್ಲೇ ಇಡಿ. ಜಿಂಕ್ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಇರಲಿ. ಕ್ಯಾಮಿಗೆ ಎಣ್ಣೆ ಬೀಳುವುದು ಕ್ರ್ಯಾಂಕ್ ಎರಚಿದ್ದರಿಂದ, ಐಡಲ್‌ನಲ್ಲಿ ಅದು ಸಾಲದು. ಐಡಲ್ ಕೇಳುವ ಆಸೆಗೆ ಬಿಟ್ಟರೆ ಹೊಸ ಕ್ಯಾಮಿನ ಉಬ್ಬುಗಳು ಅರ್ಧ ಗಂಟೆಯಲ್ಲಿ ಸವೆದು, ಆ ಕಬ್ಬಿಣದ ಪುಡಿ ಎಲ್ಲ ಬೇರಿಂಗಿಗೂ ಹೋಗುತ್ತದೆ.

ಟೈಮಿಂಗ್, ಅಂದರೆ ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತದೆ ಎಂಬುದು, ಒಟ್ಟು 34ರಿಂದ 36 ಡಿಗ್ರಿ, 3000 ಆರ್‌ಪಿಎಂ ಒಳಗೆ ಪೂರ್ತಿ ಬಂದಿರಬೇಕು. ಟೈಮಿಂಗ್ ಲೈಟ್ ಹಿಡಿಯುವ ಮುನ್ನ ಪಿಸ್ಟನ್ ಸ್ಟಾಪ್ ಹಾಕಿ ಟಿಡಿಸಿ (ಪಿಸ್ಟನ್ ತುದಿ ಮುಟ್ಟಿದ) ಗುರುತು ಸರಿಯಿದೆಯೇ ನೋಡಿ. ಆ ಗುರುತು ಇರುವ ಹಳೆಯ ಡ್ಯಾಂಪರಿನ (ಕ್ರ್ಯಾಂಕಿನ ಮುಂತುದಿಯ ಚಕ್ರದ) ಹೊರಬಳೆ ರಬ್ಬರಿನ ಮೇಲೆ ಜಾರಿರುತ್ತದೆ. ಗುರುತೇ ಸುಳ್ಳಾದರೆ 36 ಎಂದುಕೊಂಡದ್ದು 44 ಆಗಿ ಪಿಸ್ಟನ್ ಒಡೆದೀತು.

ಸ್ಟ್ರಿಪ್‌ಗೆ ಹೋಗುವ ಮುನ್ನ

ಈ ಓಟದ ಜಾಗ ರೇಸ್ ಸ್ಟ್ರಿಪ್ ಮಾತ್ರ, ಸಾರ್ವಜನಿಕ ರಸ್ತೆ ಎಂದಿಗೂ ಅಲ್ಲ. 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಕಟ್ಟಿದ್ದೇ ಈ ಓಟವನ್ನು ಬೀದಿಯಿಂದ ಎತ್ತಿ ಕಟ್ಟುಪಾಡಿನ ಮೈದಾನಕ್ಕೆ ತರಲು. ಅದರ ನಿಯಮದಂತೆ 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಕಾರಿನಲ್ಲಿ ಹೆಲ್ಮೆಟ್ ಕಡ್ಡಾಯ, ಸ್ಲಿಕ್ ಹಾಕಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಸುತ್ತ ಉಕ್ಕಿನ ಬಳೆಯೂ ಬೇಕು. ಆ ಬಳೆ ಮುಂದಿನ ಕ್ರಾಸಿನಿಂದ 6 ಇಂಚಿನೊಳಗಿರಬೇಕು. ಕ್ರಾಸ್ ಮುರಿದಾಗ ಶಾಫ್ಟ್ ನೆಲಕ್ಕೆ ಚುಚ್ಚಿ ಕಾರನ್ನೇ ಎತ್ತಿಹಾಕುವುದನ್ನು ಇದು ತಡೆಯುತ್ತದೆ. ಡ್ರ್ಯಾಗ್ ರೇಡಿಯಲ್ ಹಾಕಿದವರೂ ಹಾಕಿಸಿಕೊಳ್ಳುವುದು ಜಾಣತನ. 11.49ಕ್ಕೆ ಇಳಿದರೆ ರೋಲ್ ಬಾರ್ (ಕಾರು ಮಗುಚಿದರೆ ಕಾಯುವ ಉಕ್ಕಿನ ಕಮಾನು). ರೇಡಿಯೇಟರಿನಿಂದ ಉಕ್ಕುವ ನೀರು ಹಿಡಿಯಲು ಅರ್ಧ ಲೀಟರಿನಷ್ಟು ಹಿಡಿಯುವ ಡಬ್ಬಿ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದ್ದರೆ ಕಾರಿನ ಹಿಂದೆ ಹೊರಗಿನಿಂದ ಆರಿಸಬಹುದಾದ ಸ್ವಿಚ್, ಅದು ಓಡುತ್ತಿರುವ ಎಂಜಿನ್ನನ್ನೂ ನಿಲ್ಲಿಸಬೇಕು. ಆ ವರ್ಷದ ರೂಲ್‌ಬುಕ್ಕನ್ನು ಓದಿಕೊಂಡೇ ಹೋಗಿ.

ಓಟ

ನೀರು ಚೆಲ್ಲಿದ ಜಾಗದಲ್ಲಿ ಟಯರು ಒದ್ದೆ ಮಾಡಿ, ತುಸು ಮುಂದೆ ಬಂದು ಎರಡನೇ ಗೇರಿನಲ್ಲಿ ಬರ್ನೌಟ್, ಅಂದರೆ ಟಯರು ಕಾಯಿಸಲು ಹಿಂಚಕ್ರವನ್ನು ನಿಂತಲ್ಲೇ ತಿರುಗಿಸುವುದು. ಹೊಗೆ ಕಾಣಿಸಿದೊಡನೆ ಬಿಡಿ. ಎರಡು ಬೆಳಕಿನ ಕಿರಣಗಳು ದಾರಿಗೆ ಅಡ್ಡಲಾಗಿ 7 ಇಂಚು ಅಂತರದಲ್ಲಿವೆ. ಮುಂಚಕ್ರ ಮೊದಲನೆಯದನ್ನು ಮುರಿದಾಗ ಪ್ರೀ-ಸ್ಟೇಜ್, ಎರಡನೆಯದನ್ನು ಮುರಿದಾಗ ಸ್ಟೇಜ್ ದೀಪ. ಅನಂತರ ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ ಇಳಿದು ಹಸಿರು ಬರುತ್ತದೆ. ಹಸಿರು ಕಂಡ ಮೇಲೆ ಒತ್ತಿದರೆ ತಡವಾಯಿತು. ಮೂರನೇ ಹಳದಿ ಹೊತ್ತಿದಾಗಲೇ ಕಾಲು ಇಳಿಯಬೇಕು, ಕಾರು ಕಿರಣದಿಂದ ಹೊರಬರುವಷ್ಟರಲ್ಲಿ ಹಸಿರಾಗಿರುತ್ತದೆ. ತೀರಾ ಮೊದಲು ಹೊರಟರೆ ಕೆಂಪು, ಓಟ ಸೋತಂತೆ.

ಬ್ರ್ಯಾಕೆಟ್ ಓಟದಲ್ಲಿ ನಿಮ್ಮ ಕಾರು ಎಷ್ಟು ಸೆಕೆಂಡಿಗೆ ಮುಟ್ಟುತ್ತದೆಂದು ಮೊದಲೇ ಗಾಜಿನ ಮೇಲೆ ಬರೆಯಬೇಕು. ಇಬ್ಬರು ಬರೆದ ಸಮಯದ ವ್ಯತ್ಯಾಸದಷ್ಟು ಮುಂಚೆ ನಿಧಾನದ ಕಾರಿಗೆ ಹಸಿರು. ಬರೆದದ್ದಕ್ಕಿಂತ ಬೇಗ ಮುಟ್ಟಿದರೂ ಸೋಲು. ಹಾಗಾಗಿ 14 ಸೆಕೆಂಡಿನ ಕಾರು 10 ಸೆಕೆಂಡಿನದನ್ನು ನ್ಯಾಯವಾಗಿ ಸೋಲಿಸುತ್ತದೆ. ಡೆಟ್ರಾಯಿಟ್ ಕಡೆ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಈ ಆಟಕ್ಕೆ ಕಾಲಿಡಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಓಟ ಮುಗಿದ ಮೇಲೆ ಚೀಟಿ ಕೊಡುತ್ತಾರೆ. ಮೊದಲು 60 ಅಡಿಯ ಸಮಯ ನೋಡಿ. 2.1 ಇದ್ದರೆ ಟಯರು ಜಾರಿದೆ: ಗಾಳಿ ಒಂದು ಪಿಎಸ್‌ಐ ಇಳಿಸಿ. 1.7 ಆದರೆ ಹಿಂಭಾಗದ ಕೆಲಸ ಸಾರ್ಥಕ. 60 ಅಡಿ ಚೆನ್ನಾಗಿದ್ದು ಕೊನೆಯ ವೇಗ ಕಡಿಮೆ ಇದ್ದರೆ ದೋಷ ಎಂಜಿನ್ನಿನದು. ಮೂರನೇ ಗೇರಿನಲ್ಲಿ ತಡವರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ: ಪೈಪು 3/8 ಇಂಚಿನದೇ, ಫಿಲ್ಟರ್ ಕಟ್ಟಿದೆಯೇ ನೋಡಿ, ಆಮೇಲೆ ಕಾರ್ಬುರೇಟರಿನ ಜೆಟ್ ಮುಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಚೀಟಿಯ ಹಿಂದೆ ಬರೆದಿಡಿ, ಬಿಸಿಲು, ಗಾಳಿಯ ತೇವ ಸಮೇತ.

ಪ್ಲಗ್ ಬಣ್ಣ ನೋಡಲೆಂದು ಗೆರೆ ದಾಟಿದ ಮೇಲೆ ಎಂಜಿನ್ ಆರಿಸುವವರು 1969 ಮತ್ತು ಅನಂತರದ ಕಾರಿನಲ್ಲಿ ಕೀಲಿಯನ್ನು ಲಾಕ್‌ವರೆಗೆ ತಿರುಗಿಸಬಾರದು, ಸ್ಟಿಯರಿಂಗ್ ಕಚ್ಚಿಕೊಳ್ಳುತ್ತದೆ. ಬೇರೆ ಸ್ವಿಚ್ ಹಾಕಿಸಿ.

ಮನೆಗೆ ಹೊರಡುವ ಮುನ್ನ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ಬಿಗಿದು, ಟ್ರ್ಯಾಕ್ಷನ್ ಬಾರಿನ ಯು-ಬೋಲ್ಟ್ ಸಡಿಲಾಗಿದೆಯೇ ನೋಡಿ, ಹಿಂದಿನ ಟಯರಿಗೆ 28 ಪಿಎಸ್‌ಐ ತುಂಬಿಕೊಳ್ಳಿ.