ಟಂಡ್ರಾ ನೆಲಕ್ಕೆ ಸರಳು ಚುಚ್ಚುವ ಕೆಲಸ

ಅಲಾಸ್ಕಾದ ಬ್ರೂಕ್ಸ್ ಪರ್ವತಸಾಲಿನ ಉತ್ತರಕ್ಕೆ ಟೂಲಿಕ್ ಎಂಬ ಸರೋವರವಿದೆ. ಅದರ ಆಸುಪಾಸಿನಲ್ಲಿ ಬೇಸಿಗೆಯ ನೆಲ ಎಷ್ಟು ಆಳದವರೆಗೆ ಕರಗಿದೆ ಎಂದು ಅಳೆಯುವ ಕೆಲಸ ನಾನು ಮಾಡಿದ್ದೇನೆ. ಉಪಕರಣ ಅಂದರೆ ಸೆಂಟಿಮೀಟರ್ ಗೆರೆ ಕೊರೆದ ಒಂದು ಉಕ್ಕಿನ ಸರಳು, ಮೇಲೊಂದು ಅಡ್ಡಹಿಡಿ. ಅಷ್ಟೇ.

ಸರಳನ್ನು ನೆಟ್ಟಗೆ ಹಿಡಿದು ಒತ್ತಬೇಕು. ಮೊದಲು ಪಾಚಿ, ಆಮೇಲೆ ಅರೆಕೊಳೆತ ಕಂದು ನಾರು, ಅದರಡಿ ಕೊರೆಯುವ ಕೆಸರು. ಒಂದು ಕಡೆ ತಟ್ಟನೆ ನಿಲ್ಲುತ್ತದೆ. ಠಣ್ ಎಂದು ಅಂಗೈ ಅದುರಿದರೆ ಅದು ಕಲ್ಲು. ದಪ್ಪ್ ಎಂದು ಮಂಕಾಗಿ ನಿಂತರೆ ಹೆಪ್ಪುಗಟ್ಟಿದ ಮಣ್ಣು. ಅನುಮಾನವಿದ್ದರೆ ಗೇಣು ದೂರ ಸರಿದು ಇನ್ನೊಮ್ಮೆ ಚುಚ್ಚುವುದು. ಅಳತೆ ಹಿಡಿಯುವುದು ಪಾಚಿಯ ಮೇಲ್ಮೈಯಿಂದ, ಹಾಗಾಗಿ ಅಲ್ಲಿ ಕಾಲಿಟ್ಟು ಅದುಮಬಾರದು. ಆಗಸ್ಟ್ ಕೊನೆಗೆ ಕರಗಿದ ಪದರ ಬಹುತೇಕ ಕಡೆ ಮೊಣಕಾಲಿನಷ್ಟು ಆಳ. ಧ್ರುವದ ಸುತ್ತಲಿನ ಹಲವು ದೇಶಗಳಲ್ಲಿ 1991ರಿಂದ ಇದೇ ಕ್ರಮ: ಚೌಕ ಹಾಕಿ, 121 ಬಿಂದುಗಳಲ್ಲಿ ಚುಚ್ಚಿ ನೋಡುವುದು.

ಊರಿಗೆ ಫೋನ್ ಮಾಡಿದಾಗ "ಟಂಡ್ರಾ ಅಂದ್ರೆ ಬರೀ ಐಸ್ ಅಲ್ವಾ?" ಅನ್ನುತ್ತಾರೆ. ಅಲ್ಲ. ಸರಳು ತಾಗಿ ನಿಲ್ಲುವ ನೆಲದ ಹೆಸರು ಪರ್ಮಾಫ್ರಾಸ್ಟ್; ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ದಾಟದ ನೆಲಕ್ಕೆ ಹಾಗೆನ್ನುತ್ತಾರೆ. ಟಂಡ್ರಾ ಅದರ ಮೇಲೆ ಕಣ್ಣಿಗೆ ಕಾಣುವ ಬಯಲು: ಹುಲ್ಲಿನ ಗುಪ್ಪೆ, ಪಾಚಿ, ಮೊಣಕಾಲೆತ್ತರದ ಕುಳ್ಳ ಬರ್ಚ್. ಯುರೋಪಿನ ಉತ್ತರ ತುದಿಯ ಸಾಮಿ ಜನರ ನುಡಿಯಿಂದ ರಷ್ಯನ್ನಿಗೆ, ಅಲ್ಲಿಂದ ಜಗತ್ತಿಗೆ ಬಂದ ಈ ಪದದ ಮೂಲದಲ್ಲಿರುವುದು ಮರವಿಲ್ಲದ ಎತ್ತರದ ನೆಲ. ಸೈಬೀರಿಯಾದ ಯಾಕುತಿಯಾದಲ್ಲೂ ನೆಲ ಹೆಪ್ಪುಗಟ್ಟಿದೆ, ಆದರೆ ಅದರ ಮೇಲೆ ಲಾರ್ಚ್ ಕಾಡು ನಿಂತಿದೆ. ಅದನ್ನು ಯಾರೂ ಟಂಡ್ರಾ ಎನ್ನುವುದಿಲ್ಲ. ನಾನಂತೂ ಯಾರಿಗೆ ಹೇಳುವಾಗಲೂ "ಮರವಿಲ್ಲದ" ಎಂಬುದನ್ನೇ ಮುಂದೆ ಇಡುತ್ತೇನೆ, ಚಳಿಯ ಮಾತು ಆಮೇಲೆ.

ಟೂಲಿಕ್ ಸುತ್ತ ಬೀಳುವ ಮಳೆ, ಹಿಮ ಎಲ್ಲ ಸೇರಿಸಿದರೂ ನಮ್ಮ ಬಯಲುಸೀಮೆಯ ಮಳೆಗಿಂತ ಕಡಿಮೆ. ಆದರೂ ಬೂಟು ಒಣಗುವುದಿಲ್ಲ, ಕೆಳಗಿನ ಹೆಪ್ಪು ನೀರನ್ನು ಇಂಗಲು ಬಿಡುವುದಿಲ್ಲ. ಸೊಳ್ಳೆಗಳಿಗೆ ಅದೇ ಹಬ್ಬ.

ಪಾಚಿ ದಪ್ಪಗಿದ್ದಲ್ಲಿ ಸರಳು ಬೇಗ ನಿಲ್ಲುತ್ತದೆ, ಬಿಸಿಲಿನ ಶಾಖವನ್ನು ಅದು ಕೆಳಗಿಳಿಯಲು ಬಿಡದು. ಪಾಚಿ ಕಿತ್ತುಹೋದಲ್ಲಿ ಕರಗುವಿಕೆ ಆಳಕ್ಕಿಳಿದು ನೆಲ ಕುಸಿಯಲೂಬಹುದು. ಅದಕ್ಕೇ ಪದೇ ಪದೇ ಓಡಾಡುವ ಕಡೆ ಹಲಗೆ ಹಾಸಿ, ಅದರ ಮೇಲೆಯೇ ನಡೆಯುತ್ತೇವೆ.