ಫೀಚರ್ ಫ್ಲ್ಯಾಗ್ ಒಳಗೆ ವೇರಿಯಬಲ್ ಇಟ್ಟು ನೋಡಿ

ಗೆಳೆಯರೇ, ಆ್ಯಪಿನ ಒಂದು ಸೌಲಭ್ಯವನ್ನು ಹೊರಗಿನಿಂದಲೇ ಹತೋಟಿಯಲ್ಲಿಡುವ ಫೀಚರ್ ಫ್ಲ್ಯಾಗ್ ಅಂದರೆ ಬರೀ ಆನ್-ಆಫ್ ಸ್ವಿಚ್ ಅಂದುಕೊಂಡವರೇ ಜಾಸ್ತಿ. ಅದರೊಳಗೆ ನಂಬರ್, ಸ್ಟ್ರಿಂಗ್ (ಅಕ್ಷರಗಳ ಸಾಲು), ಜೇಸನ್ (ಹಲವು ಮಾಹಿತಿಯನ್ನು ಒಟ್ಟಿಗೆ ಬರೆಯುವ JSON ರೂಪ) ಹೀಗೆ ಬೇಕಾದಾಗ ಬದಲಿಸಬಹುದಾದ ವೇರಿಯಬಲ್‌ಗಳನ್ನೂ ಇಡಬಹುದು.

ಮೈಸೂರಿನಲ್ಲಿ ಹೂವು-ಹಣ್ಣು ಮನೆಗೆ ತಲುಪಿಸುವ ಆ್ಯಪ್ ಒಂದಕ್ಕೆ ನಾನು ಕೋಡ್ ಬರೆಯುತ್ತೇನೆ. ದಸರಾ ಬಂತೆಂದರೆ ಅರಮನೆ ಸುತ್ತ ಗಾಡಿ ಓಡಿಸುವುದೇ ಕಷ್ಟ, ಅಲ್ವಾ? ಮೊದಲು '30 ನಿಮಿಷದಲ್ಲಿ ಬರುತ್ತದೆ' ಅನ್ನುವುದನ್ನು ಕೋಡಿನಲ್ಲೇ ಬರೆದಿದ್ದೆ. ಜಂಬೂಸವಾರಿ ದಿನ ಅದನ್ನು 90 ಮಾಡಲು ಮತ್ತೆ ಬಿಲ್ಡ್ (ಆ್ಯಪ್ ಸಿದ್ಧಪಡಿಸುವುದು), ಮತ್ತೆ ಡಿಪ್ಲಾಯ್ (ಅದನ್ನು ಬಳಕೆಗೆ ಬಿಡುವುದು). ಅಷ್ಟರಲ್ಲಿ ಗ್ರಾಹಕರ ಫೋನ್ ಮೇಲೆ ಫೋನ್.

ಈಗ ಆ ನಿಮಿಷ ಫ್ಲ್ಯಾಗಿನ ವೇರಿಯಬಲ್. ದೇವರಾಜ ಮಾರುಕಟ್ಟೆ ಕಡೆಗೆ 90, ಕುವೆಂಪುನಗರಕ್ಕೆ 40. ಡ್ಯಾಶ್‌ಬೋರ್ಡಿನಲ್ಲಿ ಬದಲಿಸಿದರೆ ಸಾಕು, ಕೋಡ್ ಮುಟ್ಟಬೇಕಾಗಿಲ್ಲ.

ಆದರೆ ಡೀಫಾಲ್ಟ್ ವ್ಯಾಲ್ಯೂ ಕೋಡಿನಲ್ಲಿ ಇರಲೇಬೇಕು. ಫ್ಲ್ಯಾಗಿನ ವ್ಯಾಲ್ಯೂ ಕಳಿಸುವ ಸರ್ವರ್ ಕೈಕೊಟ್ಟಾಗ ಆ್ಯಪನ್ನು ನಡೆಸುವುದು ಅದೇ. ವ್ಯಾಲ್ಯೂವಿನ ಟೈಪ್ (ನಂಬರೋ ಸ್ಟ್ರಿಂಗೋ ಅನ್ನುವುದು) ಕೂಡ ಚೆಕ್ ಮಾಡಿ. ನಂಬರ್ ಬದಲು ಸ್ಟ್ರಿಂಗ್ ಬಂದು, ಜಾವಾಸ್ಕ್ರಿಪ್ಟ್‌ನಲ್ಲಿ 90ಕ್ಕೆ 10 ಕೂಡಿಸಿದರೆ 9010 ಆಗಿದ್ದನ್ನು ನಾನೇ ಕಂಡಿದ್ದೇನೆ. ಇನ್ನು ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ಬೇಕಾದ ಗುಟ್ಟಿನ ಸಂಕೇತ) ಇವನ್ನೆಲ್ಲ ದಯವಿಟ್ಟು ಫ್ಲ್ಯಾಗಿನಲ್ಲಿ ಇಡಬೇಡಿ. ಮೊಬೈಲಿಗೆ, ಬ್ರೌಸರಿಗೆ ಹೋದ ವ್ಯಾಲ್ಯೂವನ್ನು ಯಾರು ಬೇಕಾದರೂ ತೆಗೆದು ನೋಡಬಹುದು.